ದುಬೈ ಮಾಲ್‌ಗೆ ಪುಟ್ಟ ಮಕ್ಕಳ ಜೊತೆ

ದುಬೈಗೆ ಹೊಸಬರು, ಎರಡು ಮತ್ತು ನಾಲ್ಕು ವರ್ಷದ ಮಕ್ಕಳೊಂದಿಗೆ ಮೆಟ್ರೋದಲ್ಲೇ ದುಬೈ ಮಾಲ್‌ಗೆ ಹೋಗಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ. 5 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಆದರೆ ಸ್ಟೇಷನ್‌ನಿಂದ ಮಾಲ್‌ಗೆ ಸುಮಾರು 800 ಮೀಟರ್ ಉದ್ದದ ಸೇತುವೆ. ಎಸಿ ಇದೆ ನಿಜ, ಆದರೂ ಚಿಕ್ಕವನು ಅರ್ಧ ದಾರಿಗೇ ಎತ್ಕೋ ಅಂತಾನೆ. ಹಾಗಾಗಿ ಸ್ಟ್ರಾಲರ್ ಬೇಕೇ ಬೇಕು. ಮೆಟ್ರೋದಲ್ಲಿ ಬಿಸ್ಕೆಟ್ ಕೂಡ ತಿನ್ನಿಸಬೇಡಿ, 100 ದಿರ್ಹಮ್ ದಂಡ ಬೀಳುತ್ತದೆ.

ಮಾಲ್ ಒಳಗಿರುವ ಅಕ್ವೇರಿಯಂ ಟಿಕೆಟ್‌ಗೆ ಮೊದಲ ದಿನವೇ ಸುಮ್ನೆ ದುಡ್ಡು ಹಾಕಬೇಡಿ. ದೊಡ್ಡ ಗಾಜಿನ ಗೋಡೆ ಹೊರಗಿನಿಂದಲೇ ಕಾಣುತ್ತದೆ. ಶಾರ್ಕ್, ಸ್ಟಿಂಗ್‌ರೇ ಮೀನು ಎಲ್ಲ ಕಣ್ಣೆದುರೇ. ಈ ವಯಸ್ಸಿನ ಮಕ್ಕಳಿಗೆ ಅಷ್ಟು ಸಾಕು. ಹೊರಗೆ ಎಷ್ಟೇ ಸೆಕೆ ಇರಲಿ, ಒಳಗೆ ಚಳಿ ಜಾಸ್ತಿ, ಸ್ವೆಟರ್ ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಸಂಜೆ ಮಾತ್ರ ಬೇಡ, ಜಾತ್ರೆ!