ಇಂಗ್ಲೆಂಡಿನ ಕೆಲವು ಹಳೆಯ ಕಾಲುದಾರಿಗಳು ನೆಲಮಟ್ಟದಿಂದ ಅಷ್ಟು ಕೆಳಗಿರುವುದು ಯಾಕೆ?

ಯಾರೂ ಅಗೆದು ಮಾಡಿದ್ದಲ್ಲ. ಜನ, ದನ, ಗಾಡಿ ಓಡಾಡಿ ಸವೆದದ್ದು. ಸವೆದ ಪುಡಿಯನ್ನು ಮಳೆ ಕೊಚ್ಚಿಕೊಂಡು ಹೋದದ್ದು. ಇಂಗ್ಲಿಷಿನಲ್ಲಿ ಇವಕ್ಕೆ ‘ಹಾಲೋವೇ’ ಅಂತಾರೆ. ನಮ್ಮವರು ನೋಡಿದರೆ ಓಣಿ ಅಂದುಬಿಡುತ್ತಾರೆ.

ಗುಟ್ಟು ಇರುವುದು ಕಾಲಡಿಯ ಕಲ್ಲಿನಲ್ಲಿ. ದಕ್ಷಿಣದ ಡಾರ್ಸೆಟ್, ಸಸೆಕ್ಸ್, ಸರ್ರೆ ಕಡೆಯ ಬೆಟ್ಟಗಳಲ್ಲಿ ಮೆತ್ತನೆಯ ಮರಳುಗಲ್ಲಿದೆ. ಕೆಲವು ಕಡೆ ಉಗುರಿನಲ್ಲಿ ಗೀರಿದರೂ ಪುಡಿ ಉದುರುತ್ತದೆ. ದಾರಿ ಒಂದು ಗೇಣು ತಗ್ಗಾದರೆ ಸಾಕು, ಅಕ್ಕಪಕ್ಕದ ಮಳೆನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಇಳಿಜಾರಾದರೆ ದಾರಿಯೇ ತೊರೆ. ಪುಡಿ ಕೊಚ್ಚಿಹೋಗಿ ಹೊಸ ಕಲ್ಲು ಬಯಲಾಗುತ್ತದೆ, ಬೇಸಿಗೆಯಲ್ಲಿ ಗಾಡಿ ಚಕ್ರ ಅದನ್ನೂ ಅರೆಯುತ್ತದೆ. ನೂರಾರು ವರ್ಷ ಹೀಗೇ ನಡೆಯಿತು. ಅದಕ್ಕೇ ಸಮತಟ್ಟು ದಾರಿಗಿಂತ ಏರುದಾರಿಯಲ್ಲಿ ಆಳ ಜಾಸ್ತಿ.

ಡಾರ್ಸೆಟ್‌ನ ಸೈಮಂಡ್ಸ್‌ಬರಿ ಹಳ್ಳಿ ಪಕ್ಕದ ಹೆಲ್ ಲೇನ್ ನೋಡಬೇಕು. ಎರಡೂ ಬದಿ ಆಳೆತ್ತರ ಮೀರಿದ ಗೋಡೆ. ಮರದ ಬೇರುಗಳು ಕಣ್ಣೆದುರೇ ಜೋತಾಡುತ್ತವೆ, ಮೇಲೆ ಕೊಂಬೆಗಳ ಚಪ್ಪರ, ಹಸಿ ಗೋಡೆಯಲ್ಲಿ ಜರಿಗಿಡ. ಕಲ್ಲು ಎಷ್ಟು ಮೃದು ಅಂದರೆ ಜನ ಅದರಲ್ಲಿ ಮುಖಗಳನ್ನೇ ಕೆತ್ತಿದ್ದಾರೆ. ನೀವು ಹೋದರೆ ದಯವಿಟ್ಟು ಸುಮ್ನೆ ನೋಡಿ ಬನ್ನಿ, ಗೋಡೆ ಗೀರಬೇಡಿ.

ಡಾಂಬರು ಬಿದ್ದ ಓಣಿಗಳು ಮಾತ್ರ ಈಗ ಇನ್ನಷ್ಟು ಇಳಿಯುತ್ತಿಲ್ಲ.