ಲ್ಯಾಪ್‌ಟಾಪ್‌ನ ಪಕ್ಕದಲ್ಲಿರುವ ಖಾಲಿ ಸ್ಲಾಟ್‌ಗೆ ಏನು ಹಾಕಬಹುದು?

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ 2.0 ಪೋರ್ಟ್‌ಗಳು ಮಾತ್ರ ಇವೆ. ಪಕ್ಕದಲ್ಲಿರುವ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟ್‌ಗೆ (ಹೆಚ್ಚುವರಿ ಸೌಲಭ್ಯದ ಚಪ್ಪಟೆ ಕಾರ್ಡ್ ತೂರಿಸುವ ಕಿಂಡಿ) ಯುಎಸ್‌ಬಿ 3.0 ಕಾರ್ಡ್ ಕೊಂಡು ಹಾಕಿದೆ. ಪೆನ್‌ಡ್ರೈವ್ ಚೆನ್ನಾಗಿ ನಡೆಯುತ್ತದೆ, ಆದರೆ ಪೋರ್ಟಬಲ್ ಹಾರ್ಡ್ ಡಿಸ್ಕ್ ಚುಚ್ಚಿದರೆ ದೀಪ ಹತ್ತಿ, ಟಿಕ್ ಟಿಕ್ ಎಂದು ಸದ್ದಾಗಿ ಸುಮ್ಮನಾಗುತ್ತದೆ. ಕಾರ್ಡ್ ಕೆಟ್ಟಿದೆಯೇ?
— ಓದುಗರು, ದಾವಣಗೆರೆ

ಉತ್ತರ: ಕಾರ್ಡ್ ಕೆಟ್ಟಿರುವ ಸಾಧ್ಯತೆ ಕಡಿಮೆ, ಡಿಸ್ಕ್‌ಗೆ ವಿದ್ಯುತ್ ಸಾಲುತ್ತಿಲ್ಲ. ಯುಎಸ್‌ಬಿ ಸಾಧನಗಳಿಗೆ ಬೇಕಾದದ್ದು 5 ವೋಲ್ಟ್. ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟ್ ಕೊಡುವುದು 3.3 ಮತ್ತು 1.5 ವೋಲ್ಟ್ ಮಾತ್ರ. ಹಾಗಾಗಿ 5 ವೋಲ್ಟನ್ನು ಕಾರ್ಡ್ ತಾನೇ ತಯಾರಿಸಿಕೊಳ್ಳಬೇಕು, ಇಲ್ಲವೇ ಹೊರಗಿನಿಂದ ಪಡೆಯಬೇಕು. ಪೆನ್‌ಡ್ರೈವ್‌ಗೆ ಅಷ್ಟು ಸಾಕಾದರೂ, ತಟ್ಟೆ ತಿರುಗಿಸಬೇಕಾದ ಹಾರ್ಡ್ ಡಿಸ್ಕ್‌ಗೆ ಸಾಲದೆ ಹೋಗಬಹುದು, ಯುಎಸ್‌ಬಿ 3.0 ನಿಯಮದ ಪ್ರಕಾರ ಒಂದು ಸಾಧನ 900 ಮಿಲಿಆಂಪ್‌ವರೆಗೆ ಎಳೆಯಬಹುದು. ನಿಮ್ಮ ಕಾರ್ಡಿನ ಹೊರಬದಿಯಲ್ಲಿ, ಪೋರ್ಟ್‌ಗಳ ಪಕ್ಕದಲ್ಲೇ, ಚಿಕ್ಕದೊಂದು ದುಂಡು ತೂತು ಇದೆಯೇ ನೋಡಿ. ಇದ್ದರೆ, ಒಂದು ತುದಿಯಲ್ಲಿ ಸಣ್ಣ ಪಿನ್, ಇನ್ನೊಂದು ತುದಿಯಲ್ಲಿ ಯುಎಸ್‌ಬಿ ಇರುವ ತಂತಿ ಪೆಟ್ಟಿಗೆಯಲ್ಲೇ ಬಂದಿರಬಹುದು. ಅದರ ಪಿನ್ನನ್ನು ಆ ತೂತಿಗೂ, ಯುಎಸ್‌ಬಿ ತುದಿಯನ್ನು ಲ್ಯಾಪ್‌ಟಾಪ್‌ನ ಹಳೆಯ ಪೋರ್ಟ್‌ಗೂ ಸಿಕ್ಕಿಸಿ, ಆಮೇಲೆ ಡಿಸ್ಕ್ ಜೋಡಿಸಿ. ತೂತೇ ಇಲ್ಲದ ಕಾರ್ಡ್ ಆಗಿದ್ದರೆ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ 3.0 ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ನಡುವೆ ಇಡುವುದೇ ದಾರಿ.

ಇಷ್ಟು ಕಷ್ಟಕ್ಕೆ ಫಲವಿದೆಯೇ ಎಂದರೆ, ಖಂಡಿತ ಇದೆ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ 30–35 ಮೆಗಾಬೈಟ್ ಸಿಕ್ಕರೆ ಹೆಚ್ಚು. ಎಕ್ಸ್‌ಪ್ರೆಸ್‌ಕಾರ್ಡಿನ ಮೊದಲ ಆವೃತ್ತಿಯಲ್ಲಿ ಕಾರ್ಡನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ದತ್ತಾಂಶ ದಾರಿಯ ಗರಿಷ್ಠ ಮಿತಿಯೇ ಸೆಕೆಂಡಿಗೆ 250 ಮೆಗಾಬೈಟ್. ಯುಎಸ್‌ಬಿ 3.0ರ ಪೂರ್ಣ ವೇಗ ಇಲ್ಲಿ ಸಿಗುವುದಿಲ್ಲವಾದರೂ, ಸಾಧಾರಣ ಪೋರ್ಟಬಲ್ ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟ್‌ನ ಆಸುಪಾಸಿನಲ್ಲೇ ಓಡುವುದರಿಂದ, ಎರಡು ನಿಮಿಷ ಹಿಡಿಯುತ್ತಿದ್ದ 4 ಗಿಗಾಬೈಟ್ ಕಡತ ಮುಕ್ಕಾಲು ನಿಮಿಷದೊಳಗೆ ಮುಗಿಯುತ್ತದೆ. ಬರೀ ಮೌಸ್, ಕೀಬೋರ್ಡ್‌ಗಾಗಿ ಪೋರ್ಟ್ ಬೇಕಿದ್ದವರು ಮಾತ್ರ ಕಾರ್ಡಿಗೆ ಹಣ ಸುರಿಯಬೇಕಾಗಿಲ್ಲ, ಸಾದಾ ಹಬ್ ಸಾಕು. ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಡ್ರೈವರ್ ಒಳಗೇ ಇರುವುದಿಲ್ಲ, ಕಾರ್ಡ್ ತಯಾರಕರದ್ದನ್ನು ಹಾಕಿಕೊಳ್ಳಬೇಕು. ವಿಂಡೋಸ್ 8ರಿಂದ ಈಚೆಗೆ ಆ ತೊಂದರೆಯಿಲ್ಲ. ಇನ್ನೊಂದು ಮಾತು: 34 ಮಿಲಿಮೀಟರ್ ಅಗಲದ ಕಾರ್ಡನ್ನು 54ರ ಸ್ಲಾಟ್‌ಗೆ ಹಾಕಿದಾಗ ಪಕ್ಕದಲ್ಲಿ ಜಾಗ ಉಳಿದು ಅದು ಅಲುಗಾಡುತ್ತದೆ. ಕೇಬಲ್ ಕೀಳುವಾಗ ಕಾರ್ಡನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವ ಮೊದಲು ಕಾರ್ಡನ್ನು ಹೊರತೆಗೆಯಿರಿ.

ಪ್ರಶ್ನೆ: ನಮ್ಮ ಪಾಲಿಟೆಕ್ನಿಕ್ ಪ್ರಯೋಗಾಲಯದ ಉಪಕರಣವೊಂದಕ್ಕೆ 9 ಪಿನ್ನಿನ ಸೀರಿಯಲ್ ಪೋರ್ಟ್ (ಯುಎಸ್‌ಬಿಗೂ ಹಿಂದಿನ ಹಳೆಯ ಬಗೆಯ ಪೋರ್ಟ್) ಬೇಕು. ಅದರ ತಂತ್ರಾಂಶ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನಡೆಯುತ್ತದೆ. ಸ್ಲಾಟ್ ಅಳೆದಾಗ 54 ಮಿಲಿಮೀಟರ್ ಬಂತು. ಅದನ್ನೇ ಹೇಳಿ ತರಿಸಿದ ಎಕ್ಸ್‌ಪ್ರೆಸ್‌ಕಾರ್ಡ್ ಒಳಗೆ ಕೂರುತ್ತಿಲ್ಲ.
— ಓದುಗರು, ಹಾಸನ

ಉತ್ತರ: ಅಳತೆ ಸರಿಯಾಗಿಯೇ ಇದೆ, ಅದನ್ನು ನಂಬಿದ್ದೇ ತಪ್ಪಾಯಿತು. ಹಳೆಯ ಪಿಸಿ ಕಾರ್ಡ್, ಅಂದರೆ ಹಲವರು ಪಿಸಿಎಂಸಿಐಎ ಎಂದೇ ಕರೆಯುವ ಕಾರ್ಡ್, ಮತ್ತು 2003ರಲ್ಲಿ ಬಂದ ಎಕ್ಸ್‌ಪ್ರೆಸ್‌ಕಾರ್ಡಿನ ದೊಡ್ಡ ಮಾದರಿ ಎರಡೂ 54 ಮಿಲಿಮೀಟರ್ ಅಗಲದವೇ, ಆದರೆ ಒಂದರ ಸ್ಲಾಟ್‌ಗೆ ಇನ್ನೊಂದು ಹೊಂದುವುದಿಲ್ಲ. ಸ್ಲಾಟ್‌ನೊಳಗೆ ಟಾರ್ಚ್ ಬಿಟ್ಟು ನೋಡಿ: ತಳದಲ್ಲಿ ಸೂಜಿಯಂಥ ಪಿನ್‌ಗಳು ಎರಡು ಸಾಲಾಗಿ ಕಂಡರೆ, ಒಟ್ಟು 68 ಇರುತ್ತವೆ, ಅದು ಪಿಸಿ ಕಾರ್ಡ್ ಸ್ಲಾಟ್. ಕೂರದ ಕಾರ್ಡನ್ನು ಬಲವಂತವಾಗಿ ತಳ್ಳಬೇಡಿ. ಒಂದು ಪಿನ್ ಬಾಗಿದರೂ ಸ್ಲಾಟ್ ಹೋದಂತೆಯೇ.

ಪಿಸಿ ಕಾರ್ಡಿನಲ್ಲೂ ಎರಡು ಬಗೆ. ತುದಿಯಲ್ಲಿ ಸಣ್ಣ ಗುಬುಟುಗಳಿರುವ ಚಿನ್ನದ ಬಣ್ಣದ ಪಟ್ಟಿ ಇದ್ದರೆ ಅದು 32 ಬಿಟ್‌ನ ಕಾರ್ಡ್‌ಬಸ್. ಪಟ್ಟಿ ಇಲ್ಲದ್ದು ಸಾಮಾನ್ಯವಾಗಿ 16 ಬಿಟ್‌ನದು. ಕಾರ್ಡ್‌ಬಸ್ ಸ್ಲಾಟ್ ಎರಡನ್ನೂ ಒಪ್ಪಿಕೊಳ್ಳುತ್ತದೆ. ನಿಮ್ಮ ಕೆಲಸಕ್ಕೆ 16 ಬಿಟ್‌ನ ಸೀರಿಯಲ್ ಕಾರ್ಡನ್ನೇ ಹುಡುಕಿ ಎನ್ನುವುದು ನನ್ನ ಸಲಹೆ. ಹಳೆಯ ತಂತ್ರಾಂಶಗಳಲ್ಲಿ ಕೆಲವು ವಿಂಡೋಸನ್ನು ಕೇಳದೆ ನೇರವಾಗಿ ಕಾಮ್ 1ರ, ಅಂದರೆ ಕಂಪ್ಯೂಟರಿನ ಮೊದಲ ಸೀರಿಯಲ್ ಪೋರ್ಟಿನ, ಮೂಲ ವಿಳಾಸಕ್ಕೇ ಹೋಗುತ್ತವೆ. ಆ ವಿಳಾಸವನ್ನು 16 ಬಿಟ್‌ನ ಕಾರ್ಡಿಗೆ ಕೊಡಲು ಸಾಧ್ಯ, ಕಾರ್ಡ್‌ಬಸ್ ಕಾರ್ಡಿಗೆ ಸಾಮಾನ್ಯವಾಗಿ ಬೇರೆ ವಿಳಾಸ ಬೀಳುತ್ತದೆ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸ್ಲಾಟ್ ಸಿಗುತ್ತದೆಯೇ?
— ಓದುಗರು, ಶಿರಸಿ

ಉತ್ತರ: ಇಲ್ಲ. ಅದರ ಕೆಲಸವನ್ನು ಈಗ ಯುಎಸ್‌ಬಿ-ಸಿ ಮತ್ತು ಥಂಡರ್‌ಬೋಲ್ಟ್ ಮಾಡುತ್ತಿವೆ. ಫ್ರೇಮ್‌ವರ್ಕ್ ಕಂಪನಿ 2021ರಿಂದ ಮಾರುತ್ತಿರುವ ಲ್ಯಾಪ್‌ಟಾಪ್‌ಗಳಲ್ಲಿ ಪೋರ್ಟ್ ಬದಲಿಸಿಕೊಳ್ಳುವ ಚಿಕ್ಕ ಕಾರ್ಡ್‌ಗಳಿವೆ; ಆದರೆ ಅವೂ ಒಳಗಿನ ಯುಎಸ್‌ಬಿ-ಸಿ ಪೋರ್ಟ್‌ಗೇ ಕೂರುತ್ತವೆ.