ಅಡುಗೆಮನೆ ಕಪಾಟಿನ ಬಾಗಿಲಿಗೆ ಗ್ಲಾಸಿ (ಹೊಳೆಯುವ) ಫಿನಿಶ್ ಹಾಕಿಸಲೋ, ಮ್ಯಾಟ್ (ಹೊಳಪಿಲ್ಲದ್ದು) ಹಾಕಿಸಲೋ?

ದಿನಾ ಕೈ ತಾಗುವ ಕೆಳಗಿನ ಕಪಾಟುಗಳಿಗೆ ತಿಳಿ ಬಣ್ಣದ ಮ್ಯಾಟ್ ಹಾಕಿಸಿ. ಗ್ಲಾಸಿ ಬೇಕೇ ಬೇಕೆಂದರೆ ಮೇಲಿನ ಸಾಲಿಗಿರಲಿ.

ಗ್ಲಾಸಿಯ ನುಣುಪಾದ ಮೈ ಬೆಳಕನ್ನು ಕನ್ನಡಿಯ ಹಾಗೆ ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಎಣ್ಣೆ ಬೆರಳು ತಾಗಿದ ಕಡೆ, ಸ್ಕ್ರಬ್ಬರಿನ ಗೀರು ಬಿದ್ದ ಕಡೆ ಆ ಪ್ರತಿಫಲನ ಕೆಟ್ಟು ಕಲೆ ಎದ್ದು ಕಾಣುತ್ತದೆ. ಮ್ಯಾಟ್ ಮೈ ಮೊದಲೇ ಬೆಳಕನ್ನು ಎಲ್ಲ ಕಡೆ ಚದುರಿಸುವುದರಿಂದ ಸಣ್ಣಪುಟ್ಟ ಗೀರು ಅದರಲ್ಲಿ ಅಡಗಿಹೋಗುತ್ತದೆ. ಕಡು ಬಣ್ಣದ ಮ್ಯಾಟ್ ಮಾತ್ರ ಬೇಡ: ಅದರ ಒರಟು ಮೈಯಲ್ಲಿ ಜಿಡ್ಡು ತುಂಬಿದ ಜಾಗವಷ್ಟೇ ಹೊಳೆಯತೊಡಗುತ್ತದೆ. ಕಿಟಕಿ ಚಿಕ್ಕದಿದ್ದರೆ ಗ್ಲಾಸಿಯಿಂದ ಕೋಣೆ ಬೆಳಗಿದಂತೆ ಕಾಣುವುದು ನಿಜ.

ಅಂಗಡಿಯ ದೀಪದಡಿ ಎಲ್ಲವೂ ಚೆಂದವೇ. ಸ್ಯಾಂಪಲ್ ತುಂಡನ್ನು ಮನೆಗೆ ತಂದು, ಎಣ್ಣೆ ಬೆರಳು ಒತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.